ಪರದೆ ಹರಿಯುವುದು ನಿಂತಿತು, ಮಿನುಗು ಬಂತು: 144 ಹರ್ಟ್ಸ್ ವಿಎ ಮಾನಿಟರಿನ ದೀರ್ಘ ಬಳಕೆಯ ವಿಮರ್ಶೆ

ವಿಜಯಪುರದ ನಮ್ಮ ಮನೆಯ ಗೇಮಿಂಗ್ ಕಂಪ್ಯೂಟರಿಗೆ ಹೋದ ಬೇಸಿಗೆಗೆ ಮುಂಚೆ ತಂದ 24 ಇಂಚಿನ ಈ ವಿಎ (ಕಪ್ಪನ್ನು ಗಾಢವಾಗಿ ತೋರಿಸುವ ಒಂದು ಬಗೆಯ ಎಲ್‌ಸಿಡಿ ಪರದೆ) ಮಾನಿಟರ್, ಯಾವ ಕೆಲಸಕ್ಕೆಂದು ನಾನು ಹಣ ಕೊಟ್ಟೆನೋ ಆ ಕೆಲಸವನ್ನು ಪೂರ್ತಿಯಾಗಿ ಮಾಡಿದೆ. ಆಟದ ನಡುವೆ ಪರದೆ ಹರಿಯುವುದು, ಅಂದರೆ ಚಿತ್ರ ಅಡ್ಡಲಾಗಿ ತುಂಡಾದಂತೆ ಕಾಣುವುದು, ನಿಂತಿದೆ. ಆದರೆ ಕತ್ತಲೆಯ ದೃಶ್ಯಗಳಲ್ಲಿ ಇಡೀ ಪರದೆ ಮಿನುಗುವ ಒಂದು ಕೊರತೆಯೂ ಇದರ ಜೊತೆಗೇ ಬಂದಿದೆ. ಅಂಗಡಿಯಲ್ಲಿ ಯಾರೂ ಬಾಯಿ ಬಿಡದ ಆ ಸಂಗತಿಯನ್ನು ಕೊಳ್ಳುವವರು ಮೊದಲೇ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಪೋರ್ಟು, ಸ್ಟ್ಯಾಂಡು, ಬಣ್ಣಗಳ ವಿವರವೆಲ್ಲ ಪೆಟ್ಟಿಗೆಯ ಮೇಲೆಯೇ ಇದೆ.

ಹಳೆಯ 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ) ಮಾನಿಟರಿನಲ್ಲಿ ಜಿಟಿಎ 5 ಆಡುತ್ತ ಕಾರನ್ನು ರಭಸದಿಂದ ತಿರುಗಿಸಿದರೆ, ರಸ್ತೆ ಬದಿಯ ದೀಪದ ಕಂಬ ನಡುವೆ ತುಂಡಾಗಿ, ಮೇಲಿನ ಅರ್ಧ ಕೆಳಗಿನ ಅರ್ಧಕ್ಕಿಂತ ಒಂದು ಬೆರಳಗಲ ಆಚೆ ನಿಂತಿರುತ್ತಿತ್ತು. ಮಾನಿಟರ್ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಚಿತ್ರ ಬರೆಯುತ್ತಿರುವಾಗಲೇ ಗ್ರಾಫಿಕ್ಸ್ ಕಾರ್ಡ್ ಹೊಸ ಫ್ರೇಮ್ (ಆಟದ ಒಂದು ಪೂರ್ತಿ ಚಿತ್ರ) ಒಪ್ಪಿಸಿದರೆ ಹೀಗಾಗುತ್ತದೆ: ಮೇಲೆ ಹಳೆಯ ಫ್ರೇಮ್, ಕೆಳಗೆ ಹೊಸದು. ಹೊಸ ಫ್ರೇಮನ್ನು ಪರದೆಯ ಸರದಿ ಬರುವವರೆಗೆ ಕಾಯಿಸುವ ವಿ-ಸಿಂಕ್ ಹಾಕಿದರೆ ಹರಿಯುವುದು ನಿಲ್ಲುತ್ತದೆ, ಬದಲಿಗೆ ತಡವರಿಸುವುದು ಶುರುವಾಗುತ್ತದೆ. 60 ಹರ್ಟ್ಸ್ ಪರದೆಯೆಂದರೆ ಪ್ರತಿ 16.7 ಮಿಲಿಸೆಕೆಂಡಿಗೆ ತಪ್ಪದೆ ಬಿಡುವ ಬಸ್ಸು. ಫ್ರೇಮ್ 17ನೆಯ ಮಿಲಿಸೆಕೆಂಡಿಗೆ ಓಡಿಬಂದರೂ ಮುಂದಿನ ಬಸ್ಸಿಗೇ ಕಾಯಬೇಕು, ಅಲ್ಲಿಯವರೆಗೆ ಹಳೆಯ ಚಿತ್ರವೇ ಪರದೆಯ ಮೇಲೆ ಉಳಿಯುತ್ತದೆ. ಅಡಾಪ್ಟಿವ್ ಸಿಂಕ್ ಇರುವ ಮಾನಿಟರಿನಲ್ಲಿ ಬಸ್ಸೇ ಪ್ರಯಾಣಿಕನಿಗಾಗಿ ನಿಲ್ಲುತ್ತದೆ, ಅಂದರೆ ಫ್ರೇಮ್ ಸಿದ್ಧವಾದಾಗಲೇ ಪರದೆ ಬದಲಾಗುತ್ತದೆ.

ಗ್ರಾಫಿಕ್ಸ್ ಕಾರ್ಡ್ ಕಂಪನಿ ಎನ್ವಿಡಿಯಾ 2013ರಲ್ಲಿ ಇದೇ ಬಗೆಯ ತನ್ನ ಜಿ-ಸಿಂಕ್ ಪ್ರಕಟಿಸಿದಾಗ ಮಾನಿಟರಿನೊಳಗೇ ಪ್ರತ್ಯೇಕ ಮಾಡ್ಯೂಲ್ ಇರಬೇಕಿತ್ತು, ಅದರ ಬೆಲೆ ನಮ್ಮಂಥವರ ಕೈಗೆ ಎಟುಕುವಂತಿರಲಿಲ್ಲ. 2019ರ ಜನವರಿಯಲ್ಲಿ ಆ ಕಂಪನಿ ಸಾಮಾನ್ಯ ಅಡಾಪ್ಟಿವ್ ಸಿಂಕ್ ಮಾನಿಟರುಗಳಿಗೂ ತನ್ನ ಡ್ರೈವರಿನಲ್ಲಿ ಅವಕಾಶ ಕೊಟ್ಟಿದ್ದರಿಂದ, ನನ್ನ ಜಿಟಿಎಕ್ಸ್ 1660 ಸೂಪರ್ ಕಾರ್ಡಿಗೆ ಹನ್ನೆರಡು ಸಾವಿರದೊಳಗಿನ ಈ ಮಾನಿಟರ್ ಹೊಂದಿಕೊಂಡಿತು. ಪೆಟ್ಟಿಗೆಯಲ್ಲಿ ಎಚ್‌ಡಿಎಮ್‌ಐ ಕೇಬಲ್ ಮಾತ್ರ ಇತ್ತು. ಈ ಬಗೆಯ ಜೋಡಿಗೆ ಡಿಸ್‌ಪ್ಲೇಪೋರ್ಟ್ ಕೇಬಲ್ಲೇ ಬೇಕಾಗಿದ್ದರಿಂದ ಗಾಂಧಿ ಚೌಕದ ಕಡೆ ಹೋಗಿ ಒಂದು ತಂದೆ. ಆಮೇಲೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 144 ಹರ್ಟ್ಸ್ ಆರಿಸಬೇಕು, ಮಾನಿಟರಿನ ಮೆನುವಿನಲ್ಲೂ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲಿನಲ್ಲೂ ಸಿಂಕ್ ಚಾಲು ಮಾಡಬೇಕು. ಫ್ರೇಮ್ ಮಿತಿಯನ್ನು (ಸೆಕೆಂಡಿಗೆ ಗರಿಷ್ಠ ಎಷ್ಟು ಫ್ರೇಮ್ ಎಂಬುದು) 144ಕ್ಕಿಂತ ಮೂರು ಕಡಿಮೆ, ಅಂದರೆ 141ಕ್ಕೆ ಇಡುವುದು ಬಹಳ ಮುಖ್ಯ. ಫ್ರೇಮ್‌ಗಳು 144ನ್ನು ದಾಟಿದ ಕೂಡಲೇ ಅಡಾಪ್ಟಿವ್ ಸಿಂಕ್ ಹಿಂದೆ ಸರಿದು ಹಳೆಯ ತೊಂದರೆಗಳೆಲ್ಲ ಮರಳುತ್ತವೆ.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು, ಮಾನಿಟರಿನ ಮೂಲೆಯಲ್ಲಿ ಆ ಕ್ಷಣದ ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತಿದೆ ಎಂಬುದು) ತೋರಿಸುವ ಪುಟ್ಟ ಹಸಿರು ಅಂಕಿ. ರಾತ್ರಿ ಊಟವಾದ ಮೇಲೆ ಕಂಪ್ಯೂಟರ್ ಚಾಲು ಮಾಡಿ, ಪರದೆಯ ಹಿಂದೆ ಬಲಗಡೆಗಿರುವ ಗುಂಡಿಯನ್ನು ಬೆರಳಿನಿಂದ ತಡವಿ ಹುಡುಕಿ ಒತ್ತಿ, ಆ ಅಂಕಿ ಮೂಡಿದ ನಂತರವೇ ಆಟ ತೆರೆಯುತ್ತೇನೆ. ಬಯಲಿನಲ್ಲಿ ಅದು 110ಕ್ಕೆ ಏರುತ್ತದೆ, ಜನಸಂದಣಿಯ ಬೀದಿಗೆ ಬಂದರೆ 70ಕ್ಕೆ ಇಳಿಯುತ್ತದೆ, ಕಂಬ ಮಾತ್ರ ಎಲ್ಲಿಯೂ ತುಂಡಾಗುವುದಿಲ್ಲ.

ಬೇಸರವೂ ಶುರುವಾದದ್ದು ಅದೇ ಅಂಕಿಯಿಂದ. ಈ ಮಾನಿಟರಿನ ಸಿಂಕ್ ವ್ಯಾಪ್ತಿ 48ರಿಂದ 144 ಹರ್ಟ್ಸ್. ಫ್ರೇಮ್‌ಗಳು 48ಕ್ಕಿಂತ ಕೆಳಗಿಳಿದರೆ ಒಂದೊಂದು ಫ್ರೇಮನ್ನೂ ಎರಡೆರಡು ಸಲ ತೋರಿಸುವ ವ್ಯವಸ್ಥೆಯಿದೆ, ಹಾಗಾಗಿ 47 ಫ್ರೇಮ್ ಇದ್ದಾಗ ಪರದೆ 94ರಲ್ಲಿ ಓಡುತ್ತದೆ. ಸುರಂಗ, ಕತ್ತಲ ಕೋಣೆ, ಲೋಡಿಂಗ್ ಪರದೆ ಇಂಥ ಕಡೆ ಅಂಕಿ 49, 94, 50, 92 ಎಂದು ಜಿಗಿದಾಡುವಾಗ ಬೂದುಬಣ್ಣದ ಗೋಡೆ ಪ್ರತಿ ಜಿಗಿತಕ್ಕೂ ಒಮ್ಮೆ ಬೆಳಗಿ ಒಮ್ಮೆ ಕಂದುತ್ತದೆ. ಪಿಕ್ಸೆಲ್ ಮುಂದಿನ ರಿಫ್ರೆಶ್ ಬರುವವರೆಗೆ ತನ್ನ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳಬೇಕು, ಆ ಅವಧಿ ಒಮ್ಮೆಲೇ ಅರ್ಧವಾದರೆ ಅಥವಾ ದುಪ್ಪಟ್ಟಾದರೆ ಬೆಳಕು ತುಸು ವ್ಯತ್ಯಾಸವಾಗುತ್ತದೆ, ವಿಎ ಪ್ಯಾನೆಲಿನ ಗಾಢ ಛಾಯೆಗಳಲ್ಲಿ ಅದು ಕಣ್ಣಿಗೆ ಹೊಡೆದು ಕಾಣುತ್ತದೆ. ಅರ್ಧ ಗಂಟೆ ಹೀಗೆ ನೋಡಿದರೆ ತಲೆ ನೋಯುತ್ತದೆ. ಕಂಪನಿಯ ಸೇವಾ ಕೇಂದ್ರಕ್ಕೆ ಫೋನು ಮಾಡಿದಾಗ ಬಂದ ಉತ್ತರ, "ಸರ್, ಇದು ಫಾಲ್ಟ್ ಅಲ್ರೀ, ವಿಎ ಪ್ಯಾನೆಲ್ ಅಂದ್ರ ಹಿಂಗ ಇರ್ತದ." ಆ ಮಾತು ತಾಂತ್ರಿಕವಾಗಿ ನಿಜವೇ. ಆದರೆ ಕೊಳ್ಳುವ ಮುಂಚೆ ಹೇಳಬೇಕಾದ ನಿಜವದು.

ಏಪ್ರಿಲ್ ಬಂದು ನಮ್ಮೂರಿನ ಬಿಸಿಲು 40 ಡಿಗ್ರಿ ದಾಟಿದಾಗ ಈ ಮಿನುಗು ಇನ್ನೂ ಹೆಚ್ಚಾಯಿತು, ಜೊತೆಗೆ ತಡವರಿಕೆಯೂ ಸೇರಿತು. ರೈಜೆನ್ 5 3600 ಪ್ರೊಸೆಸರ್ 95 ಡಿಗ್ರಿಯ ಮಿತಿ ಮುಟ್ಟಿದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಆಗ ಫ್ರೇಮ್‌ಗಳ ನಡುವಿನ ಅಂತರ ಏರುಪೇರಾಗಿ ಆಟ ತಡವರಿಸುತ್ತದೆ. ಇದಕ್ಕೆ ಯಾವ ಮಾನಿಟರೂ ಮದ್ದಲ್ಲ; ಸಿಂಕ್ ವ್ಯವಸ್ಥೆ ಬಂದ ಫ್ರೇಮನ್ನು ತುಂಡಾಗದಂತೆ ತೋರಿಸಬಲ್ಲದೇ ಹೊರತು ಬಾರದ ಫ್ರೇಮನ್ನು ತರಲಾರದು. ಈಗ ವಾರಕ್ಕೊಮ್ಮೆ ಕ್ಯಾಬಿನೆಟ್ಟಿನ ಬದಿಯ ಬಾಗಿಲು ಬಿಚ್ಚಿ, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು, ಹೀಟ್‌ಸಿಂಕಿನ ಸಂದುಗಳಿಗೆ ಬ್ಲೋವರ್ ಹಿಡಿಯುತ್ತೇನೆ. ಎರೆಮಣ್ಣಿನ ನುಣುಪು ಧೂಳು ಪದರ ಪದರವಾಗಿ ಏಳುತ್ತದೆ. ಇದರ ಜೊತೆಗೆ ಒಂಟಿಯಾಗಿದ್ದ 8 ಜಿಬಿ ರ‍್ಯಾಮಿಗೆ ಅಂಥದ್ದೇ ಇನ್ನೊಂದನ್ನು ಜೋಡಿಸಿ ಡ್ಯುಯಲ್ ಚಾನೆಲ್ (ಎರಡೂ ಒಟ್ಟಿಗೆ ಕೆಲಸ ಮಾಡುವಂತೆ) ಮಾಡಿಸಿದ ಮೇಲೆ ತಡವರಿಕೆ ಬಹುಪಾಲು ಹೋಯಿತು.

ಮಿನುಗಿಗೆ ಉಪಾಯ ಸಿಕ್ಕಿದ್ದು ಇದಾದ ನಂತರ. ಕತ್ತಲೆ ಹೆಚ್ಚಿರುವ ಆಟಗಳಿಗೆ ಮಾತ್ರ ನೆರಳಿನ ಗುಣಮಟ್ಟವನ್ನು ಒಂದು ಹಂತ ಇಳಿಸಿ, ಫ್ರೇಮ್ ಮಿತಿಯನ್ನು 141ರಿಂದ 75ಕ್ಕೆ ತಂದೆ. ಈಗ ಹಸಿರು ಅಂಕಿ 70 ಮತ್ತು 75ರ ನಡುವೆಯೇ ಇರುತ್ತದೆ, 48ರ ಗಡಿಯ ಹತ್ತಿರವೂ ಹೋಗುವುದಿಲ್ಲ, ಗೋಡೆಯ ಬಣ್ಣ ಕದಲುವುದಿಲ್ಲ. 144 ಹರ್ಟ್ಸ್‌ಗೆಂದು ಹಣ ಕೊಟ್ಟು 75ರಲ್ಲಿ ಆಡುವುದೇ ಎಂದು ಕೆಲವರು ಕೇಳಬಹುದು. ಒಂದೇ ಸಮನೆ ಬರುವ 75 ಫ್ರೇಮ್‌ಗಳು 50ಕ್ಕೂ 110ಕ್ಕೂ ನಡುವೆ ಹೊಯ್ದಾಡುವ ಫ್ರೇಮ್‌ಗಳಿಗಿಂತ ಕಣ್ಣಿಗೆ ಎಷ್ಟೋ ಹಿತ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಕೌಂಟರ್-ಸ್ಟ್ರೈಕ್ 2ರಂಥ ಬೆಳಕಿನ ಆಟಗಳಲ್ಲಿ ಮಿತಿಯನ್ನು ಮತ್ತೆ 141ಕ್ಕೆ ಏರಿಸುತ್ತೇನೆ.

ವಿಎ ಪ್ಯಾನೆಲಿನ ಕಪ್ಪು ನಿಜಕ್ಕೂ ಕಪ್ಪಾಗಿದೆ, ರಾತ್ರಿ ದೀಪ ಆರಿಸಿ ಆಡುವ ನನಗೆ ಐಪಿಎಸ್ ಎಂಬ ಇನ್ನೊಂದು ಬಗೆಯ ಪರದೆಯ ಬೂದು ಕಪ್ಪಿಗಿಂತ ಇದೇ ಒಪ್ಪಿಗೆ. ಸೆಟ್ಟಿಂಗ್ಸ್ ಮುಟ್ಟಲು ಬೇಸರಪಡುವವರು ಬೇಕಾದರೆ ತುಸು ಹೆಚ್ಚು ಕೊಟ್ಟಾದರೂ ಐಪಿಎಸ್ ಕೊಳ್ಳುವುದು ಒಳ್ಳೆಯದು. ಇದನ್ನೇ ಕೊಳ್ಳುವವರು ವಾಪಸು ಕೊಡುವ ಅವಧಿ ಮುಗಿಯುವುದರೊಳಗೆ, ಗ್ರಾಫಿಕ್ಸನ್ನು ಬೇಕೆಂದೇ ಏರಿಸಿ ಫ್ರೇಮ್‌ಗಳನ್ನು 50ರ ಆಸುಪಾಸಿಗೆ ಇಳಿಸಿ, ಕೋಣೆಯ ದೀಪ ಆರಿಸಿ, ಕತ್ತಲ ದೃಶ್ಯವೊಂದರಲ್ಲಿ ಹತ್ತು ನಿಮಿಷ ಓಡಾಡಿ ನೋಡಬೇಕು. ಒಬ್ಬೊಬ್ಬರ ಕಣ್ಣು ಮಿನುಗನ್ನು ತಾಳಿಕೊಳ್ಳುವ ಬಗೆ ಬೇರೆ.