ಸಿ.ಬಿ.ಟಿ. ಹತ್ತಿರದ ರೊಟ್ಟಿ ಊಟ: ಶುಗರ್, ಬಿಪಿ ಇದ್ದವರು ನೆಮ್ಮದಿಯಿಂದ ಉಣ್ಣುವ ಜಾಗ

ಧಾರವಾಡದ ಸಿಟಿ ಬಸ್ ನಿಲ್ದಾಣ, ಅಂದರೆ ಸಿ.ಬಿ.ಟಿ.ಯಿಂದ ಐದು ನಿಮಿಷ ನಡೆದರೆ ಒಂದು ಸಣ್ಣ ಓಣಿಯಲ್ಲಿ ಈ ಖಾನಾವಳಿ ಸಿಗುತ್ತದೆ. ಬೋರ್ಡಿನ ಮೇಲೆ 'ರೊಟ್ಟಿ ಊಟ' ಅಂತಷ್ಟೇ ಇದೆ, ಬೇರೆ ಹೆಸರಿಲ್ಲ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸೇರಿ ನಡೆಸುತ್ತಾರೆ. ನಾನು ಬಸ್ ಕಂಡಕ್ಟರ್. ಮಧ್ಯಾಹ್ನದ ಊಟ ಹೊರಗೇ ಆಗಬೇಕು. ಈಗ ಹೆಚ್ಚಾಗಿ ಇಲ್ಲೇ ಉಣ್ಣುತ್ತೇನೆ.

ಊಟಕ್ಕೆ 80 ರೂಪಾಯಿ. ಎರಡು ಬಿಸಿ ಜೋಳದ ರೊಟ್ಟಿ, ಒಂದು ಕಾಳು ಪಲ್ಯ, ಒಂದು ಸೊಪ್ಪಿನ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಅಗಸಿ ಇಲ್ಲವೇ ಗುರೆಳ್ಳು ಚಟ್ನಿಪುಡಿ. ಕೊನೆಗೆ ಒಂದು ಸೌಟು ಅನ್ನ, ಬೇಳೆ ಸಾರು. ಪಕ್ಕದಲ್ಲಿ ಹಸಿ ಮೆಂತ್ಯೆ, ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ. ಈ ಹಸಿದು ಎಷ್ಟು ಬೇಕಾದರೂ ಕೇಳಿ ಹಾಕಿಸಿಕೊಳ್ಳಬಹುದು. ತುಪ್ಪ, ಬೆಣ್ಣೆ ಏನೂ ಇಲ್ಲ. ಮಜ್ಜಿಗೆ ಬೇಕಾದವರು ಬೇರೆ ದುಡ್ಡು ಕೊಟ್ಟು ತಗೋಬೇಕು.

ಕಾಳು ದಿನಕ್ಕೊಂದು ಥರ. ಮಡಿಕೆ, ಹೆಸರು, ಅಲಸಂದಿ, ಕಡಲೆ. ಮೊಳಕೆ ಬರಿಸಿಯೇ ಮಾಡುತ್ತಾರೆ. ಮಡಿಕೆ ಕಾಳಿನ ಪಲ್ಯ ನನಗೆ ತುಂಬಾ ಇಷ್ಟ. ಕಾಳು ಮೆತ್ತಗಾಗಿದ್ದರೂ ಒಡೆದಿರುವುದಿಲ್ಲ, ಒಗ್ಗರಣೆಯಲ್ಲಿ ಬೆಳ್ಳುಳ್ಳಿ ಧಾರಾಳ. ಪುಂಡಿ ಪಲ್ಯ ಇರುವ ದಿನ ಬೇಗ ಹೋಗಬೇಕು. ಆ ಹುಳಿಗೆ ಜೋಳದ ನುಚ್ಚು ಹಾಕಿ ಕುದಿಸಿರುತ್ತಾರೆ, ಮೇಲೆ ಹಸಿಮೆಣಸಿನಕಾಯಿ ಖಾರ. ಅದರ ಮುಂದೆ ಬೇರೆ ಊಟ ರುಚಿಸುವುದೇ ಇಲ್ಲ.

ನನಗೆ ಇನ್ನೂ ಜಾಸ್ತಿ ಹಿಡಿಸಿದ್ದು ಇಲ್ಲಿ ಬಡಿಸುವ ಕ್ರಮ. ತಟ್ಟೆಗೆ ಮೊದಲು ಬೀಳುವುದು ಪಲ್ಯ ಮತ್ತು ಹಸಿ ತರಕಾರಿ. ರೊಟ್ಟಿ ಆಮೇಲೆ. ಮೂರನೇ ರೊಟ್ಟಿಗೆ ಕೈ ಚಾಚಿದರೆ ಬಡಿಸುವ ಅಕ್ಕ, 'ಅಣ್ಣಾರ, ಮೊದ್ಲ ಪಲ್ಯ ಖಾಲಿ ಮಾಡ್ರಿ, ಆಮ್ಯಾಲ ಹಾಕ್ತೀನಿ' ಅನ್ನುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಆಹಾರದ ಬಗ್ಗೆ ಹೊಸ ಸಲಹೆಗಳನ್ನು ಕೊಟ್ಟಿದೆ. 2000 ಕ್ಯಾಲೊರಿಯ ಊಟಕ್ಕೆ ದಿನಕ್ಕೆ ತರಕಾರಿ 400 ಗ್ರಾಂ, ಧಾನ್ಯ 250 ಗ್ರಾಂ, ಕಾಳು-ಬೇಳೆ 85 ಗ್ರಾಂ ಅಂತ ಅದರಲ್ಲಿದೆ. ಅಂದರೆ ಧಾನ್ಯಕ್ಕಿಂತ ತರಕಾರಿಯೇ ಜಾಸ್ತಿ ಇರಬೇಕು. ನಾವು ಹೋಟೆಲಿನಲ್ಲಿ ಉಣ್ಣುವುದು ಇದಕ್ಕೆ ಪೂರ್ತಿ ಉಲ್ಟಾ. ಗುಡ್ಡೆ ಅನ್ನ, ಸಣ್ಣ ಬಟ್ಟಲಲ್ಲಿ ಪಲ್ಯ. ಅದೂ ಎಷ್ಟೋ ದಿನ ಆಲೂಗಡ್ಡೆದೇ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಮನೆಯಲ್ಲಿ ಭಾನುವಾರ ಮಟನ್ ಮಾಡುತ್ತೇವೆ. ನಾನು ಈ ಖಾನಾವಳಿಯನ್ನು ಹೊಗಳುವುದು ಮಡಿ-ಮೈಲಿಗೆಯ ಲೆಕ್ಕದಲ್ಲಿ ಅಲ್ಲ. ಶುದ್ಧ ಸಸ್ಯಾಹಾರಿ ಎಂದು ಬೋರ್ಡು ಹಾಕಿದ ಕಡೆ ಸಿಗುವುದು ಏನು? ಪೂರಿ, ಬೋಂಡಾ, ಬೆಳ್ಳಗಿನ ಅನ್ನ, ಸಕ್ಕರೆ ಸುರಿದ ಚಹಾ, ಜೊತೆಗೆ ಒಂದು ಸಿಹಿ. ಅದರಲ್ಲಿ ಮಾಂಸ ಇಲ್ಲ, ಸರಿ. ಆದರೆ ಕಾಳು ಎಲ್ಲಿ, ಸೊಪ್ಪು ಎಲ್ಲಿ? ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನನ್ನ ಗೆಳೆಯರಿಗೂ ನಲವತ್ತು ದಾಟುವ ಮೊದಲೇ ಶುಗರ್ ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) ಅಧ್ಯಯನ 2023ರಲ್ಲಿ ಹೇಳಿದಂತೆ ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಜಾಸ್ತಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ದಿನವಿಡೀ ಬಸ್ಸಿನಲ್ಲಿ ಕೂತೇ ಕೆಲಸ ಮಾಡುವ ಡ್ರೈವರ್‌ಗಳನ್ನು ನೋಡಿದರೆ ನನಗೆ ಈ ಅಂಕಿ ಹೆದರಿಕೆ ಹುಟ್ಟಿಸುತ್ತದೆ.

ಹಾಗಂತ ಜೋಳದ ರೊಟ್ಟಿ ಔಷಧಿ ಅಲ್ಲ. 'ಜೋಳ ಅಲ್ವಾ, ಶುಗರ್ ಏರಲ್ಲ' ಅಂತ ಐದು ರೊಟ್ಟಿ ತಿನ್ನುವವರನ್ನು ಇಲ್ಲೇ ನೋಡಿದ್ದೇನೆ. ಜೋಳದಲ್ಲೂ ಪಿಷ್ಟ ಇದೆ, ಜಾಸ್ತಿ ತಿಂದರೆ ಶುಗರ್ ಏರಿಯೇ ಏರುತ್ತದೆ. ಅದರ ಗುಣ ಇರುವುದು ನಾರಿನಲ್ಲಿ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಆ ನಾರಿನ ಜೊತೆ ಕಾಳು, ಸೊಪ್ಪು ಸೇರಿದಾಗ ಹೊಟ್ಟೆ ಬೇಗ ತುಂಬುತ್ತದೆ, ಸಕ್ಕರೆಯೂ ನಿಧಾನಕ್ಕೆ ರಕ್ತಕ್ಕೆ ಇಳಿಯುತ್ತದೆ. ಇಲ್ಲಿ ಉಂಡು ಮತ್ತೆ ಬಸ್ ಹತ್ತಿದ ಮೇಲೆ ನನಗೆ ತೂಕಡಿಕೆ ಬರುವುದಿಲ್ಲ. ಮೊದಲು ಅನ್ನದ ಊಟ ಮಾಡಿದರೆ ಮೂರು ಗಂಟೆಯ ಟ್ರಿಪ್ಪಿನಲ್ಲಿ ಕಣ್ಣು ಎಳೆಯುತ್ತಿತ್ತು.

ಶನಿವಾರ ಊಟದ ಗದ್ದಲ ಮುಗಿದ ಮೇಲೆ ಇವರು ಅಡುಗೆಯನ್ನೂ ತೋರಿಸಿಕೊಡುತ್ತಾರೆ. ದುಡ್ಡು ತಗೊಳ್ಳುವುದಿಲ್ಲ. ಓಣಿಯ ಹೆಂಗಸರು ಬರುತ್ತಾರೆ, ಈಗ ಗಂಡಸರೂ ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಎಣ್ಣೆಗಾಯಿಯಲ್ಲಿ ಎಣ್ಣೆ ಅರ್ಧ ಮಾಡಿ ಶೇಂಗಾ, ಎಳ್ಳು, ಗುರೆಳ್ಳಿನ ಪುಡಿಯಿಂದಲೇ ಮಸಾಲೆಗೆ ಜಿಡ್ಡು ಬರಿಸುವುದು ನಾನು ಕಲಿತದ್ದು ಇಲ್ಲೇ. ಮಡದಿಗೆ ಮೊದಲು ನಂಬಿಕೆ ಇರಲಿಲ್ಲ. ಈಗ ನಮ್ಮ ಮನೆಯಲ್ಲೂ ಹಾಗೇ ಮಾಡುತ್ತೇವೆ. ಭಾಷಣ ಮಾಡಿ ಜನರ ಊಟ ಬದಲಿಸುವುದು ಕಷ್ಟ. ರುಚಿ ತೋರಿಸಿದರೆ ಮನೆಗೆ ಹೋಗಿ ತಾವೇ ಮಾಡುತ್ತಾರೆ.

ಕೊರತೆಗಳೂ ಇವೆ. ದೊಡ್ಡದು ಉಪ್ಪು. ಚಟ್ನಿಪುಡಿಯಲ್ಲಿ ಉಪ್ಪು ಜಾಸ್ತಿ, ಅದರ ಮೇಲೆ ಉಪ್ಪಿನಕಾಯಿ, ಹಪ್ಪಳ ಕೂಡ ಕೇಳದೆಯೇ ಹಾಕುತ್ತಾರೆ. ದಿನಕ್ಕೆ 5 ಗ್ರಾಂ ಉಪ್ಪಿನ ಒಳಗಿರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ. ಬಿಪಿ ಇದ್ದವರು ಕೂತ ಕೂಡಲೇ 'ಉಪ್ಪಿನಕಾಯಿ ಬ್ಯಾಡ್ರಿ' ಅಂತ ಹೇಳಿಬಿಡಿ. ಎರಡು ಗಂಟೆ ದಾಟಿದರೆ ಸೊಪ್ಪಿನ ಪಲ್ಯ ಮುಗಿದಿರುತ್ತದೆ. ಆಗ ಉಳಿಯುವುದು ರೊಟ್ಟಿ, ಸಾರು ಮಾತ್ರ, ಆದರೂ 80 ರೂಪಾಯಿಯೇ ತಗೊಳ್ಳುತ್ತಾರೆ. ಇದು ಸರಿಯಲ್ಲ. ಕೂರಲು ಜಾಗವೂ ಇಕ್ಕಟ್ಟು. ಮಂಡಿ ನೋವಿನವರಿಗೆ ಬೆಂಚು ಬಹಳ ತಗ್ಗು.

ಇನ್ನೊಂದೆರಡು ವಿಷಯ ಹೇಳಲೇಬೇಕು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಊಟ ಬದಲಿಸುವಾಗ ಡಾಕ್ಟರಿಗೆ ತಿಳಿಸಿ. ಅನ್ನ ಕಡಿಮೆಯಾಗಿ ಮಾತ್ರೆ ಅಷ್ಟೇ ಉಳಿದರೆ ಶುಗರ್ ತೀರಾ ಇಳಿಯಬಹುದು. ಸುಮ್ನೆ ನಾವೇ ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ. ಕಿಡ್ನಿ ತೊಂದರೆ ಇದ್ದವರು ಸೊಪ್ಪು, ಕಾಳು ಎಷ್ಟು ತಿನ್ನಬೇಕು ಅಂತ ಕೇಳಿಕೊಂಡೇ ಬನ್ನಿ. ಹಾಲು, ಮೊಸರು, ಮೊಟ್ಟೆ ಎಲ್ಲವನ್ನೂ ಬಿಟ್ಟವರಿಗೆ ವಿಟಮಿನ್ ಬಿ12 ಈ ಊಟದಿಂದ ಸಿಗುವುದಿಲ್ಲ, ಬೇರೆ ತಗೋಬೇಕು.

ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಮಾತ್ರ ಊಟ, ಭಾನುವಾರ ರಜೆ. ಒಂದು ಗಂಟೆಯೊಳಗೆ ಹೋದರೆ ಎಲ್ಲ ಪಲ್ಯವೂ ಸಿಗುತ್ತದೆ. ಸಂಘದ ಅಕ್ಕಂದಿರು ಇದನ್ನು ಓದಿದರೆ ಎರಡು ವಿನಂತಿ: ಚಟ್ನಿಪುಡಿಗೆ ಉಪ್ಪು ಕಡಿಮೆ ಮಾಡಿ, ರಾತ್ರಿ ಊಟವನ್ನೂ ಶುರು ಮಾಡಿ. ಎಂಟು ಗಂಟೆಗೆ ಡ್ಯೂಟಿ ಮುಗಿಸಿ ಇಳಿಯುವ ನಮ್ಮಂಥವರಿಗೆ ಈಗ ಆ ಹೊತ್ತಿನಲ್ಲಿ ಸಿಗುವುದು ಎಗ್ ರೈಸ್ ಮತ್ತು ಗೋಬಿ ಮಂಚೂರಿ ಮಾತ್ರ.