ಹಳೆ ಯೆಜ್ಡಿಯ ಕಂಪ್ರೆಶನ್: ಒತ್ತುವ ಗೇಜಾ, ತಿರುಗಿಸುವ ಗೇಜಾ, ಲೀಕ್‌ಡೌನಾ?

ಯೆಜ್ಡಿ ಬೈಕ್ ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಯೆಜ್ಡಿಗಳಲ್ಲಿ ತೀರಾ ಕೊನೆಯದಕ್ಕೂ ಈಗ ವಯಸ್ಸಾಗಿದೆ. ಪಿಕಪ್ ಬಿದ್ದ ಕೂಡಲೇ ಬೋರ್ ಮಾಡಿಸಲು (ಸವೆದ ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸಲು) ಹೊರಡಬೇಡಿ. ಮೊದಲು ಕಂಪ್ರೆಶನ್, ಅಂದರೆ ಪಿಸ್ಟನ್ ಮೇಲೇರುವಾಗ ಸಿಲಿಂಡರಿನಲ್ಲಿ ಹುಟ್ಟುವ ಒತ್ತಡ, ಅಳೆಯಿರಿ. ಓವರ್‌ಸೈಜ್ ಪಿಸ್ಟನ್ನಿಗೂ ಒಂದು ಮಿತಿ ಇದೆ, ಅದನ್ನು ಸುಮ್ಮನೆ ಕಳೆದುಕೊಂಡರೆ ಬೇರೆ ಬ್ಯಾರಲ್ (ಸಿಲಿಂಡರ್) ಹುಡುಕುವುದು ಕಷ್ಟ. ಮೂರು ಸಾಧನಗಳನ್ನು ಒಂದೇ 250 ಸಿಸಿ ಎಂಜಿನ್ನಿಗೆ ಹಾಕಿ ನೋಡಿದ ಹೋಲಿಕೆ ಇಲ್ಲಿದೆ.

ಗಾಡಿಯನ್ನು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ. ಸೆಂಟರ್ ಸ್ಟ್ಯಾಂಡ್, ನ್ಯೂಟ್ರಲ್, ಕೀ ಆಫ್, ಪೆಟ್ರೋಲ್ ಬಂದ್. ಪ್ಲಗ್ ಸುತ್ತಲಿನ ಮಣ್ಣು ಊದಿ ತೆಗೆದ ಮೇಲೆಯೇ ಪ್ಲಗ್ ಬಿಚ್ಚಿ. ಆ ತೂತಿಗೆ ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಗೇಜಿನ ಮುಳ್ಳು ಏರುವುದು ನಿಲ್ಲುವವರೆಗೆ ಆರೆಂಟು ಕಿಕ್ ಹೊಡೆಯಿರಿ. ಆಕ್ಸಿಲರೇಟರ್ ಎತ್ತುವ ಕಾರ್ಬುರೇಟರಿನ ಸ್ಲೈಡ್ ಮುಚ್ಚಿದ್ದರೆ ಗಾಳಿಯೇ ಒಳಗೆ ಹೋಗದೆ ಒಳ್ಳೆಯ ಎಂಜಿನ್ನೂ ಸತ್ತಂತೆ ಕಾಣುತ್ತದೆ.

ರಬ್ಬರ್ ಕೋನಿನ ಒತ್ತುವ ಗೇಜ್ ಅಗ್ಗ. ಆದರೆ ಒಬ್ಬರು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕಿಕ್ ಹೊಡೆಯಬೇಕು. ಕೈ ಸ್ವಲ್ಪ ವಾಲಿದರೂ ಪುಸ್ಸೆಂದು ಗಾಳಿ ಹೋಗಿ, ಮೂರು ಸಲಕ್ಕೆ ಮೂರು ಅಂಕಿ ಬರುತ್ತದೆ. ಹಳೆ ಗಾಡಿ ಕೊಳ್ಳುವಾಗ ಜೇಬಿನಲ್ಲಿಟ್ಟುಕೊಂಡು ಹೋಗಲು ಸಾಕು, ಬೋರ್ ಮಾಡಿಸುವ ತೀರ್ಮಾನಕ್ಕೆ ಸಾಲದು.

ಪ್ಲಗ್ಗಿನಂತೆ ತಿರುಗಿಸಿ ಕೂರಿಸುವ ಪೈಪಿನ ಗೇಜೇ ನಮ್ಮ ಆಯ್ಕೆ. ಕೊಳ್ಳುವಾಗ, ಗಾಳಿ ಹಿಂದೆ ಬರದಂತೆ ತಡೆಯುವ ವಾಲ್ವ್ ಎಲ್ಲಿದೆ ನೋಡಿ. ಅದು ಪ್ಲಗ್ ತುದಿಯಲ್ಲೇ ಇರಬೇಕು. ಗೇಜಿನ ಕಡೆ ಇದ್ದರೆ ಪೈಪಿನೊಳಗಿನ ಜಾಗವೂ ಸಿಲಿಂಡರಿಗೆ ಸೇರುತ್ತದೆ. ಕಂಪ್ರೆಶನ್ ರೇಶಿಯೋ (ಒಳಗಿನ ಜಾಗ ಎಷ್ಟು ಪಟ್ಟು ಕಿರಿದಾಗುತ್ತದೆ ಎಂಬುದು) 8 ಎಂದು ಹಿಡಿದರೆ ಹೆಡ್ಡಿನಲ್ಲಿ ಇರುವುದೇ ಸುಮಾರು 35 ಸಿಸಿ, 5 ಮಿ.ಮೀ. ಒಳವ್ಯಾಸದ 40 ಸೆಂ.ಮೀ. ಪೈಪಿನಲ್ಲಿ ಹತ್ತಿರ 8 ಸಿಸಿ. ರೇಶಿಯೋ 7ಕ್ಕಿಂತ ಕೆಳಗಿಳಿದು, ಚೆನ್ನಾಗಿರುವ ಪಿಸ್ಟನ್ ರಿಂಗೂ ಸವೆದಂತೆ ತೋರುತ್ತದೆ. ಕಾರಿನ ದೊಡ್ಡ ಸಿಲಿಂಡರಿನಲ್ಲಿ ಈ ತಪ್ಪು ಅಷ್ಟು ಗೊತ್ತಾಗುವುದಿಲ್ಲ. ಆ ವಾಲ್ವ್ ಪಿನ್ ಹಾಳಾದರೆ ಟೈರಿನ ಪಿನ್ ಹಾಕಬೇಡಿ. ಅದರ ಸ್ಪ್ರಿಂಗ್ ಬಿಗಿ, ಓದು ಕಡಿಮೆ ಬರುತ್ತದೆ.

ಕಿಟ್ಟಿನ ಅಡಾಪ್ಟರನ್ನು ನಿಮ್ಮ ಪ್ಲಗ್ಗಿನ ಪಕ್ಕ ಹಿಡಿದು ನೋಡುವುದನ್ನು ಮರೆಯಲೇಬೇಡಿ. ಯೆಜ್ಡಿಗೆ 14 ಮಿ.ಮೀ. ದಪ್ಪದ ಗಿಡ್ಡ ಥ್ರೆಡ್ಡು, ಉದ್ದ 12.7 ಮಿ.ಮೀ. ಕಿಟ್ಟಿನಲ್ಲಿ 19 ಮಿ.ಮೀ. ಉದ್ದದ್ದೂ ಇರುತ್ತದೆ, ಅದನ್ನು ಹಾಕಿ ಕಿಕ್ ಹೊಡೆದರೆ ಪಿಸ್ಟನ್ ತಲೆಗೆ ಬಡಿಯಬಹುದು. ಅಲ್ಯುಮಿನಿಯಂ ಹೆಡ್ಡು, ಕೈಯಲ್ಲಷ್ಟೇ ಬಿಗಿ ಮಾಡಿ, ಸ್ಪ್ಯಾನರ್ ಬೇಡ.

ಓದು ಕಡಿಮೆ ಬಂದರೆ, ರಿಂಗ್ ಸವೆದಿದೆಯೇ ನೋಡಲು ಪ್ಲಗ್ ತೂತಿನಲ್ಲಿ ಎಣ್ಣೆ ಹಾಕಿ ಮತ್ತೆ ಅಳೆಯುತ್ತಾರೆ. ಓದು ಏರಿದರೆ ದೋಷ ರಿಂಗಿನದು. ಆಗಲೂ 2 ಮಿ.ಲೀ. ಮೀರಬೇಡಿ. ಒಂದು ಚಮಚ ಸುರಿದರೆ ಎಣ್ಣೆಯೇ ಜಾಗ ತುಂಬಿ ಮುಳ್ಳು ಏರುತ್ತದೆ, ತಪ್ಪು ರಿಂಗಿನ ಮೇಲೆ ಬೀಳುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ ಎಂಬುದೂ ಲೆಕ್ಕದಲ್ಲಿರಲಿ. ಮಂಗಳೂರಿನಲ್ಲಿ 120 ಪಿಎಸ್‌ಐ ತೋರಿಸುವ ಎಂಜಿನ್ ಇಲ್ಲಿ 110ರ ಆಸುಪಾಸು ತೋರಿಸಿದರೆ ಗಾಬರಿ ಬೇಡ.

ಲೀಕ್‌ಡೌನ್ ಎಂದರೆ ಸಿಲಿಂಡರಿಗೆ ಹೊರಗಿನಿಂದ ಗಾಳಿ ತುಂಬಿ ಸೋರಿಕೆ ನೋಡುವುದು. ಅದಕ್ಕೆ ಕಂಪ್ರೆಸರ್ ಬೇಕು, ಮನೆಯಲ್ಲಿ ಅದೇ ತೊಡಕು. ಪಿಸ್ಟನ್ ಪೂರ್ತಿ ಮೇಲೆ ತಂದು, ಟಾಪ್ ಗೇರಿನಲ್ಲಿ ಹಿಂದಿನ ಬ್ರೇಕ್ ಒತ್ತಿ ಹಿಡಿದು, 50 ಪಿಎಸ್‌ಐ ಗಾಳಿ ಬಿಡಿ. ಎಷ್ಟು ಸೋರುತ್ತಿದೆ ಎನ್ನುವುದಕ್ಕಿಂತ ಎಲ್ಲಿ ಸೋರುತ್ತಿದೆ ಎಂದು ಹೇಳುವುದೇ ಇದರ ಬಲ. ಹೆಡ್ ಕೂರುವ ಅಂಚಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದರೆ ಸೋರಿಕೆ ಅಲ್ಲೇ. ಸೈಲೆನ್ಸರಿನಲ್ಲಿ ಸುಯ್ ಎಂದರೆ ಫೋರ್ ಸ್ಟ್ರೋಕಿನಲ್ಲಿ ವಾಲ್ವ್ ದೋಷ. ಯೆಜ್ಡಿ ಟು ಸ್ಟ್ರೋಕ್, ಇಲ್ಲಿ ಆ ವಾಲ್ವೇ ಇಲ್ಲ. ಗಾಳಿ ರಿಂಗ್ ದಾಟಿ ಎಕ್ಸಾಸ್ಟ್ ಪೋರ್ಟಿಗೆ ಇಳಿಯುತ್ತಿದೆ. ಕಾರ್ಬುರೇಟರಿನಲ್ಲಿ ಕೇಳಿಸಿದರೂ ರಿಂಗೇ, ಆ ಗಾಳಿ ಕ್ರ್ಯಾಂಕ್‌ಕೇಸ್ ಮೂಲಕ ಬಂದದ್ದು.

ಮೂರಕ್ಕೂ ಕಾಣದ ದೋಷವೆಂದರೆ ಕ್ರ್ಯಾಂಕ್ ಸೀಲ್, ಅಂದರೆ ಕ್ರ್ಯಾಂಕ್ ಶಾಫ್ಟಿನ ಎರಡೂ ಕಡೆ ಸೋರಿಕೆ ತಡೆಯುವ ಬಳೆ. ಓದು ಚೆನ್ನಾಗಿದ್ದೂ ಬಿಸಿಯಾದ ಮೇಲೆ ಐಡಲ್ ತಾನಾಗೇ ಏರಿದರೆ ಡೈನಮೋ ಕಡೆಯ ಸೀಲ್ ನೋಡಿ. ಹೊಗೆ ದಟ್ಟವಾಗಿ ಬಂದು ಗೇರ್ ಎಣ್ಣೆ ಕಡಿಮೆಯಾಗುತ್ತಿದ್ದರೆ ಕ್ಲಚ್ ಕಡೆಯದು.