ಹಗಲಿನ ರಿಯಾಯಿತಿ, ಅರ್ಧಗಂಟೆಯ ಲೆಕ್ಕ, ಪ್ಲಗ್ ಮೀಟರ್: ಪುಣೆಯ ಮನೆಯೊಂದರ ಹೋಲಿಕೆ

ಕೋಥ್ರೂಡಿನ ನಮ್ಮ ಫ್ಲ್ಯಾಟಿಗೆ ಸ್ಮಾರ್ಟ್ ಮೀಟರ್ ಬಂದ ಮೇಲೆ, ಮನೆಮಂದಿಯೆಲ್ಲ ವಿದ್ಯುತ್ತಿನ ಕಡೆಗೆ ಗಮನ ಕೊಡುವಂತೆ ಮಾಡುವುದು ಯಾವುದು ಎಂದು ತಿಳಿಯಲು ಮೂರು ದಾರಿಗಳನ್ನು ಒಂದೊಂದು ತಿಂಗಳು ಪರೀಕ್ಷಿಸಿದೆ.

ಮೊದಲನೆಯದು ದರ. 2025ರ ಜುಲೈನಿಂದ ಮಹಾರಾಷ್ಟ್ರದ ಸರ್ಕಾರಿ ವಿದ್ಯುತ್ ವಿತರಣಾ ಕಂಪನಿಯಾದ ಮಹಾವಿತರಣದ ಸ್ಮಾರ್ಟ್ ಮೀಟರುಳ್ಳ ಮನೆಗಳಿಗೆ ಬೆಳಿಗ್ಗೆ 9ರಿಂದ ಸಂಜೆ 5ರವರೆಗಿನ ಬಳಕೆಗೆ ಯೂನಿಟ್ಟಿಗೆ 80 ಪೈಸೆಯ ರಿಯಾಯಿತಿ ದೊರೆಯತೊಡಗಿತು. ಸೌರವಿದ್ಯುತ್ತು ಧಾರಾಳವಾಗಿರುವ ಹೊತ್ತಿಗೆ ಬೇಡಿಕೆಯನ್ನು ಸರಿಸಿದರೆ, ಸೂರ್ಯ ಮುಳುಗಿದ ಮೇಲೆ ಜಾಲದ ಮೇಲೆ ಬೀಳುವ ಹೊರೆ ಇಳಿಯುತ್ತದೆ. ವಾಷಿಂಗ್ ಮೆಷಿನ್ನನ್ನು ಮಧ್ಯಾಹ್ನಕ್ಕೆ ಹಾಕಿದೆವು. ತಿಂಗಳಿಗೆ ಹನ್ನೆರಡು ಸಲ, ಸಲಕ್ಕೆ ಸುಮಾರು 0.9 ಯೂನಿಟ್. ಉಳಿದದ್ದು ಒಂಬತ್ತು ರೂಪಾಯಿಗೂ ಕಡಿಮೆ. ಗೀಸರಿನಲ್ಲಿ ಹದಿನೈದು ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು 0.6 ಯೂನಿಟ್ಟಿಗಿಂತ ಹೆಚ್ಚೇ ಬೇಕು, ಆದರೆ ಪುಣೆಯ ಚಳಿಗಾಲದಲ್ಲಿ ಆರು ಗಂಟೆಯ ಸ್ನಾನವನ್ನು ಹತ್ತಕ್ಕೆ ಮುಂದೂಡಿ ಕಚೇರಿಗೆ ಹೋಗುವವರು ಯಾರು?

ಎರಡನೆಯದು ಅರ್ಧಗಂಟೆಯ ಲೆಕ್ಕ, ಅಂದರೆ ಪ್ರತಿ ಅರ್ಧಗಂಟೆಯಲ್ಲಿ ಮನೆ ಬಳಸಿದ ವಿದ್ಯುತ್ತನ್ನು ಮೊಬೈಲಿನ ಆ್ಯಪಿನಲ್ಲಿ ಗೆರೆಯಾಗಿ ತೋರಿಸುವುದು. ಸಂಜೆ ಏಳರ ನಂತರ ಗೆರೆ ಏರುವುದನ್ನು ನಾನು ಆಸಕ್ತಿಯಿಂದ ನೋಡಿದೆ. ಮನೆಯಲ್ಲಿ ಮತ್ತಾರೂ ನೋಡಲಿಲ್ಲ. ಏರಿದ್ದು ಫ್ರಿಜ್ಜಿನಿಂದಲೋ ಇಸ್ತ್ರಿಯಿಂದಲೋ ಎಂಬುದನ್ನು ಆ ಗೆರೆ ಹೇಳುವುದಿಲ್ಲ.

ಮೂರನೆಯದು, ಸಾಕೆಟ್ಟಿಗೆ ಸಿಕ್ಕಿಸಿ ಅದರ ಮೇಲೆ ಉಪಕರಣದ ಪ್ಲಗ್ ಹಾಕುವ ಪುಟ್ಟ ಮೀಟರ್. ಗೀಸರನ್ನೂ ಅಳೆಯುವುದಾದರೆ 16 ಆಂಪಿಯರಿನದನ್ನೇ ಕೊಳ್ಳಬೇಕು. 2000 ವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುವುದರಿಂದ 6 ಆಂಪಿಯರಿನ ಮೀಟರ್ ತಾಳದು. ಧಾರವಾಡದಿಂದ ಬಂದು ನಮ್ಮೊಡನಿರುವ ಅವ್ವನಿಗೆ ಆ್ಯಪಿನ ಗೊಡವೆ ಬೇಡವಾಗಿತ್ತು, ಆದರೆ ಟಿವಿ ಆರಿಸಿದ ಮೇಲೂ ಸೆಟ್‌ಟಾಪ್ ಬಾಕ್ಸ್ 12 ವ್ಯಾಟ್ ಎಳೆಯುತ್ತಿದ್ದುದನ್ನು ಈ ಮೀಟರಿನಲ್ಲಿ ಮೊದಲು ಕಂಡವರು ಅವರೇ. ದಿನವಿಡೀ ಹಾಗೇ ಬಿಟ್ಟರೆ ತಿಂಗಳಿಗೆ ಎಂಟೂವರೆ ಯೂನಿಟ್ ಆಗುತ್ತದೆ. ಯೂನಿಟ್ಟಿಗೆ ಏಳು ರೂಪಾಯಿಯೆಂದು ಹಿಡಿದರೂ ಅರುವತ್ತು ರೂಪಾಯಿ. ಈಗ ರಾತ್ರಿ ಮಲಗುವ ಮುನ್ನ ಸ್ವಿಚ್ ಆರಿದೆಯೇ ಎಂದು ನೋಡುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುವುದಿಲ್ಲ.

ಆದ್ದರಿಂದ ನಮ್ಮಂಥ ಮನೆಗೆ ಪ್ಲಗ್ ಮೀಟರೇ ಮೇಲು ಎಂಬುದು ನನ್ನ ಅಭಿಪ್ರಾಯ, ಅದರಿಂದ ಸಂಜೆಯ ಹೊರೆ ಹೆಚ್ಚೇನೂ ಇಳಿಯದಿದ್ದರೂ. ಹಗಲು ಮನೆಯಲ್ಲೇ ನಿಂತು ದಿನಕ್ಕೆ ಮೂರು ಯೂನಿಟ್ ಚಾರ್ಜ್ ಆಗುವ ವಿದ್ಯುತ್ ಸ್ಕೂಟರ್ ಇದ್ದಿದ್ದರೆ, ರಿಯಾಯಿತಿಯೊಂದರಿಂದಲೇ ತಿಂಗಳಿಗೆ 72 ರೂಪಾಯಿ ಉಳಿದು ನನ್ನ ತೀರ್ಮಾನ ಬೇರೆಯಾಗುತ್ತಿತ್ತು.